ಭಾವನ ಕೈಯಲ್ಲಿದ್ದ ಕುದುರೆ

ಅಥವಾ ಅದು ಕುದುರೆಯೇ ಆಗಿರಲಿಕ್ಕಿಲ್ಲ. ಒಂಟೆಯಾಗಿರಬಹುದು. ಚದುರಂಗದ ಕಾಯಿಯೇ ಅಲ್ಲದೆ ನೂಲು ಸುತ್ತಿದ ಕಂಡಿಕೆಯೂ ಆಗಿರಬಹುದು. ನಾನು ನೋಡಿದ್ದು ಮಗ್ಗದ ಮನೆಯ ಬಾಗಿಲಿನಿಂದ. ಒಳಗೆ ನಾಲ್ಕು ಪಾವರ್‌ಲೂಮ್ ಓಡುತ್ತಿದ್ದವು, ಗಾಳಿಯ ತುಂಬ ಹತ್ತಿಯ ಪುಡಿ. ಆ ಗದ್ದಲದ ನಡುವೆ ನಮ್ಮ ಭಾವ ಒಬ್ಬರೇ ಚದುರಂಗದ ಹಲಗೆಯ ಮುಂದೆ ಕೂತಿದ್ದರು. ಅವರ ಕೈ ಕುದುರೆಯನ್ನು ಎತ್ತಿ ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ ಇಟ್ಟಿತು. ಹಾಗೆಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪು ಏನು ಬೇಕಾದರೂ ಹೇಳುತ್ತದೆ. ನಾಲ್ಕನೆಯ ಇಯತ್ತೆಯಲ್ಲಿ ಓಟದ ಪಂದ್ಯ ಗೆದ್ದವನು ನಾನು ಎಂದು ಅದು ನನಗೆ ಎಷ್ಟೋ ವರ್ಷ ಹೇಳಿತ್ತು. ಗೆದ್ದವಳು ಅಕ್ಕ, ಬಹುಮಾನದ ಸ್ಟೀಲ್ ಡಬ್ಬಿ ಈಗಲೂ ಅವಳ ಅಡುಗೆಮನೆಯಲ್ಲಿದೆ, ಮುಚ್ಚಳದ ಮೇಲೆ ಅವಳ ಹೆಸರೇ ಇದೆ. ಹೀಗಿರುವಾಗ ನಾನು ಹೇಳುವ ಕುದುರೆಯ ಮೇಲೆ ಕೂತು ಯಾರೂ ದೂರ ಹೋಗಬಾರದು.

ಅಷ್ಟಕ್ಕೂ ರಬಕವಿ-ಬನಹಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಮ್ಮ ಭಾವನಿಗೆ ಚದುರಂಗ ಬರುವುದಿಲ್ಲ. ಚದುರಂಗ ಬಾರದೆಯೇ ಎರಡು ವರ್ಷ ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಚದುರಂಗದ ಗುರುವೆಂದು ಮೆರೆದವರು ಅವರೊಬ್ಬರೇ. ಈಜು ಬಾರದೆ ಈಜು ಕಲಿಸುವವರಿದ್ದಾರೆ, ನಿಜ. ಆದರೆ ಅವರು ಕೆರೆಯ ದಂಡೆಯ ಮೇಲಾದರೂ ನಿಲ್ಲುತ್ತಾರೆ. ನಮ್ಮ ಭಾವ ಕೆರೆಯಲ್ಲಿ ನೀರಿರುತ್ತದೆ ಎಂಬುದನ್ನೂ ಮೊಬೈಲಿನಲ್ಲಿ ಕೇಳಿ ತಿಳಿದವರು.

ಭಾವ ಎಂದರೆ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತೇನೆ, ಅವರ ಮಗಳು ನನ್ನನ್ನು ಮಾಮಾ ಎನ್ನುತ್ತಾಳೆ. ಆ ಮನೆಯ ಅಂಗಳದಲ್ಲಿ ನಿಂತು ಯಾರಾದರೂ ಮಾಮಾ ಎಂದರೆ ಇಬ್ಬರೂ ತಿರುಗುತ್ತೇವೆ. ನಾನು ಜಮಖಂಡಿಯಲ್ಲಿ ಪಾಠ ಹೇಳುವವನಾದ್ದರಿಂದ ಅವರಿಗೆ ನಾನು ಮಾಸ್ತರ. ಆ ಶಬ್ದವನ್ನು ಅವರು ಉಚ್ಚರಿಸುವ ರೀತಿಯಲ್ಲಿ ಗೌರವವಿದೆಯೋ ಕನಿಕರವಿದೆಯೋ ಇನ್ನೂ ತೀರ್ಮಾನವಾಗಿಲ್ಲ.

ಮಗಳು ದಾನೇಶ್ವರಿ, ಮನೆಮಂದಿಗೆ ದಾನು, ಹನ್ನೊಂದು ವರ್ಷ. ಆಟ ಕಲಿಸಿದವರು ಅವಳ ಸಾಲೆಯ ಗಣಿತದ ಟೀಚರು. ಆಡಿ ಪಳಗಿದ್ದು ಮಗ್ಗದ ಮನೆಯಲ್ಲಿ. ಎರಡು ಮಗ್ಗಗಳ ನಡುವೆ ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ಅದರ ಮೇಲೆ ಹಲಗೆ ಇಟ್ಟು, ತನ್ನ ವಿರುದ್ಧ ತಾನೇ ಆಡುತ್ತಿದ್ದಳು. ಮಗ್ಗ ಖಟಾ ಖಟಾ ಬಡಿಯುವುದಕ್ಕೆ ಸರಿಯಾಗಿ ಅವಳ ಬಲಗಾಲು ನೆಲ ಬಡಿಯುತ್ತಿತ್ತು. ಕಾಲು ಬಡಿಯುತ್ತಿದೆ ಎಂದರೆ ಹುಡುಗಿ ಯೋಚಿಸುತ್ತಿದ್ದಾಳೆ ಎಂದು ಅರ್ಥ.

ಮಗ್ಗದ ಮನೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿ ಬಾಯಿ ಇರುವುದು ಊಟಕ್ಕೆ, ಮಾತಿಗೆ ಕೈ. ತಲೆಯ ಮೇಲೆ ಸೆರಗು ಎಳೆದುಕೊಂಡಂತೆ ಮಾಡಿದರೆ 'ಅವ್ವ ಕರೆಯುತ್ತಿದ್ದಾಳೆ'. ಹೆಬ್ಬೆರಳನ್ನು ಬಾಯಿಗೆ ತಂದರೆ 'ನೀರು ಕುಡಿ'. ಹೆಬ್ಬೆರಳು ತೋರುಬೆರಳು ಕೂಡಿಸಿ ತುಟಿಗೆ ತಂದರೆ 'ಎಳೆ ಹರಿದಿದೆ, ನಿಲ್ಲಿಸು'. ಹರಿದ ಎಳೆಯ ತುದಿಯನ್ನು ನಾಲಿಗೆಗೆ ಹಚ್ಚಿ ಹುರಿ ಮಾಡಿ ಗಂಟು ಹಾಕುತ್ತಾರಲ್ಲ, ಅದರ ನಕಲು. ಈ ಕೊನೆಯ ಎರಡು ಸನ್ನೆಗಳ ನಡುವಿನ ವ್ಯತ್ಯಾಸ ನನಗೆ ಇಂದಿಗೂ ಕಾಣಿಸಿಲ್ಲ. ಎಷ್ಟೋ ಸಲ ನೀರು ಕೇಳಿದವರ ಮಗ್ಗ ನಿಲ್ಲಿಸಲು ಹೋಗಿ ಬೈಸಿಕೊಂಡಿದ್ದೇನೆ.

ಭಾವನ ಕೈಗಳು ಮಗ್ಗದ ಮನೆಯ ಹೊರಗೂ ಸುಮ್ಮನಿರುವುದಿಲ್ಲ. ಒಮ್ಮೆ ಮದುವೆಯ ಊಟದಲ್ಲಿ ಎದುರು ಪಂಕ್ತಿಯಲ್ಲಿದ್ದ ಅಕ್ಕನಿಗೆ 'ಹೋಳಿಗೆ ಹಸಿ ಇದೆ' ಎಂದು ಕೈಯಲ್ಲೇ ಹೇಳಿದರು. ಬಡಿಸುತ್ತಿದ್ದವರೂ ನೇಕಾರರ ಮನೆಯವರೇ. ಅವರು ಹೋಳಿಗೆಯ ಬುಟ್ಟಿ ಕೆಳಗಿಟ್ಟು, ಎರಡೂ ಕೈಗಳಿಂದ ಭಾವನಿಗೆ ಉತ್ತರ ಕೊಟ್ಟರು. ಸುತ್ತಲಿನವರು ಪಂಕ್ತಿಯಲ್ಲಿ ಏನೋ ನಾಟಕ ನಡೆದಿದೆ ಎಂದುಕೊಂಡರು. ಉತ್ತರ ಅರ್ಥವಾದ ಅಕ್ಕ ತಲೆ ತಗ್ಗಿಸಿಕೊಂಡು ಉಂಡಳು.

ಇಂಥ ಮನುಷ್ಯನ ಮಗಳು ಜಮಖಂಡಿಯ ಸ್ಪರ್ಧೆಯೊಂದರಲ್ಲಿ ಗೆದ್ದು ಪ್ಲಾಸ್ಟಿಕ್ಕಿನ ಬಂಗಾರದ ಕಪ್ಪು ತಂದಳು. ಅಲ್ಲಿಯವರೆಗೆ ಭಾವ ಸಾಮಾನ್ಯ ತಂದೆಯಾಗಿದ್ದರು. ಎಂದರೆ, ಮಗಳು ಎಷ್ಟನೇ ಇಯತ್ತೆ ಎಂದು ಕೇಳಿದರೆ ಅಕ್ಕನ ಮುಖ ನೋಡುತ್ತಿದ್ದರು. ಕಪ್ಪು ಬಂದ ಮರುದಿನ ಅವರ ಮೊಬೈಲಿಗೆ ಒಂದು ವಿಡಿಯೊ ಬಂತು: ಚದುರಂಗ ಕಲಿಯುವ ಮಗುವಿಗೆ ತಂದೆತಾಯಿ ಬೆಂಬಲ ಕೊಡುವುದು ಹೇಗೆ. ಯಾವ ಪುಣ್ಯಾತ್ಮ ಕಳಿಸಿದನೋ, ಅವನ ಮನೆಯ ಎಳೆಗಳು ಹರಿಯುತ್ತಲೇ ಇರಲಿ.

ಮೊದಲನೆಯ ಬೆಂಬಲ ಅಕ್ರೋಟ. ಮೆದುಳಿಗೆ ಒಳ್ಳೆಯದಂತೆ.

"ನೋಡಿಲ್ಲಿ, ಮೆದುಳಿನಗತೇನ ಐತಿ," ಎಂದು ಒಂದನ್ನು ಒಡೆದು ಅಕ್ಕನ ಮುಖಕ್ಕೆ ಹಿಡಿದರು.

"ಹಂಗಾದ್ರ ಮೊದಲ ನೀವು ತಿನ್ರಿ," ಎಂದಳು ಅಕ್ಕ. "ಖಾಲಿ ಇದ್ದಲ್ಲಿ ಮೊದಲ ತುಂಬಬೇಕು."

ಎರಡನೆಯ ಬೆಂಬಲ ಭಾಷಾಸುಧಾರಣೆ. ಮಗುವಿನ ಎದುರು ಸೋಲಿನ ಮಾತು ಆಡಬೇಡಿ ಎಂದಿತ್ತು ವಿಡಿಯೊ. ಭಾವ ಸೋಲು ಎಂಬ ಶಬ್ದವನ್ನೇ ಮನೆಯಿಂದ ಓಡಿಸಿ, ಅದರ ಜಾಗದಲ್ಲಿ 'ಇನ್ನೂ ಗೆದ್ದಿಲ್ಲ' ಎಂಬುದನ್ನು ತಂದು ಕೂಡಿಸಿದರು. ಕ್ರಿಕೆಟ್ಟಿನಲ್ಲಿ ಭಾರತ ಸೋತರೂ ಆ ಮನೆಯಲ್ಲಿ ಇನ್ನೂ ಗೆದ್ದಿರಲಿಲ್ಲ. ಇದನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚಿಂತೆಯಿರಲಿಲ್ಲ. ಓಣಿಯ ಹಿರಿಯರೊಬ್ಬರು ವಾರ್ಡಿನ ಚುನಾವಣೆಗೆ ಮೂರನೆಯ ಸಲ ನಿಂತು, ಮೂರನೆಯ ಸಲ ಬಿದ್ದು, ಚಾದರ ಹೊದ್ದು ಮಲಗಿದ್ದರು. ಭಾವ ಸಮಾಧಾನ ಹೇಳಲು ಹೋದರು. ನಾನೂ ಜೊತೆಗಿದ್ದೆ. ಅಥವಾ ಅಕ್ಕ ಹೇಳಿದ್ದನ್ನು ಕೇಳಿ ನಾನೂ ಇದ್ದೆ ಎಂದುಕೊಂಡಿದ್ದೇನೆ.

"ಕಾಕಾ, ನೀವು ಸೋತಿಲ್ರಿ. ಇನ್ನೂ ಗೆದ್ದಿಲ್ಲ, ಅಷ್ಟ."

ಚಾದರದೊಳಗಿಂದ ದನಿ ಬಂತು: "ಮೂರು ಸಲ ಆತೋ ಮಗನ. ಎಣಿಸಿ ಹೇಳಾಕ ಬಂದೀ ಏನ?"

ಆ ಕಾಕಾ ಇಂದಿಗೂ ಭಾವನ ಜೊತೆ ಮಾತಾಡಿಲ್ಲ. ಭಾವನ ಭಾಷೆಯಲ್ಲಿ ಹೇಳುವುದಾದರೆ, ಇನ್ನೂ ಮಾತಾಡಿಲ್ಲ.

ಮೂರನೆಯ ಬೆಂಬಲಕ್ಕೆ ಬಲಿಯಾದದ್ದು ಬಂಧುಬಳಗ. ಮಗುವಿಗೆ ಬೇರೆ ಬೇರೆ ರೀತಿಯ ಎದುರಾಳಿಗಳು ಸಿಗಬೇಕಂತೆ. ಬನಹಟ್ಟಿಯಲ್ಲಿ ಎದುರಾಳಿಗಳನ್ನು ಎಲ್ಲಿಂದ ತರುವುದು? ಮನೆಗೆ ಬಂದವರೆಲ್ಲ ಎದುರಾಳಿಗಳೇ ಎಂದು ಭಾವ ತೀರ್ಮಾನಿಸಿದರು. ಚಹಾ ಬರುವ ಮೊದಲು ಹಲಗೆ ಬರುತ್ತಿತ್ತು. ಆಟ ಬಾರದವರಿಗೆ ದಾನುವೇ ಕಾಯಿಗಳ ನಡೆ ಹೇಳಿಕೊಟ್ಟು, ಆಮೇಲೆ ಸೋಲಿಸುತ್ತಿದ್ದಳು. ಸೋತವರು ತಮ್ಮ ರಾಜನನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಫೋಟೋಕ್ಕೆ ನಿಲ್ಲಬೇಕು. ಫೋಟೋ ಭಾವನ ಮೊಬೈಲಿನ ಸ್ಟೇಟಸ್ಸಿಗೆ ಹೋಗುತ್ತಿತ್ತು. ಹಿಪ್ಪರಗಿಯ ಬೀಗರೊಬ್ಬರು ಹಿರಿಯ ಮಗಳ ಲಗ್ನಪತ್ರಿಕೆ ಕೊಡಲು ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಹಲಗೆಯ ಮುಂದೆ ಕೂತಿದ್ದರು, ಚಹಾ ಆರುವಷ್ಟರಲ್ಲಿ ರಾಜನನ್ನು ಹಿಡಿದು ನಿಂತಿದ್ದರು. ಆ ಫೋಟೋವನ್ನು ಅವರ ಹೊಸ ಬೀಗರ ಮನೆಯವರೂ ನೋಡಿದರಂತೆ. ಮರುವರ್ಷ ಎರಡನೆಯ ಮಗಳ ಲಗ್ನಪತ್ರಿಕೆ ಬೈಕು ನಿಲ್ಲಿಸದೆಯೇ ಕಂಪೌಂಡಿನ ಮೇಲಿಂದ ಒಳಗೆ ಬಿತ್ತು.

ನನ್ನ ಫೋಟೋವೂ ಇದೆ. ಅದರಲ್ಲಿ ನಾನು ನಗುತ್ತಿದ್ದೇನೆ. ನಕ್ಕ ನೆನಪು ನನಗಿಲ್ಲ.

ನಾಲ್ಕನೆಯ ಬೆಂಬಲ ಎಲ್ಲಕ್ಕಿಂತ ಅಪಾಯಕಾರಿ: ಮೌನ. ಮಗು ಅಭ್ಯಾಸ ಮಾಡುವಾಗ ಮನೆಯಲ್ಲಿ ಸಂಪೂರ್ಣ ಶಾಂತಿಯಿರಬೇಕು ಎಂದು ವಿಡಿಯೊದ ಮೇಷ್ಟ್ರು ಹೇಳಿದ್ದರು. ಆ ಮೇಷ್ಟ್ರು ಬನಹಟ್ಟಿ ನೋಡಿರಲಿಕ್ಕಿಲ್ಲ. ಭಾವ ಸಂಜೆ ಐದರಿಂದ ಏಳರವರೆಗೆ ತಮ್ಮ ನಾಲ್ಕೂ ಮಗ್ಗ ನಿಲ್ಲಿಸಿಬಿಟ್ಟರು. ಅವು ನಿಂತ ಮೇಲೆ ಪಕ್ಕದ ಮನೆಯ ಮಗ್ಗಗಳು ಕೇಳತೊಡಗಿದವು. ಭಾವ ಪಕ್ಕದ ಮನೆಗೆ ಹೋಗಿ ಮೌನದ ಮಹತ್ವ ವಿವರಿಸಿದರು. ಆ ಮನೆಯ ಅಜ್ಜಿ ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ನಿನ್ನ ಮಗಳ ಕಟ್ಟಿಗಿ ರಾಜಾ ಸಾಯಬಾರದಂತ ನಮ್ಮ ಮನಿ ಮಂದಿ ಉಪಾಸ ಸಾಯಬೇಕೇನ?" ಎಂದಳು. "ಹೋಗಪಾ, ಹೋಗಿ ಮಗ್ಗ ಚಾಲೂ ಮಾಡು. ನಿನ್ನ ಮಗ್ಗ ನಿಂತ್ರ ಓಣ್ಯಾಗ ಯಾರೋ ಸತ್ತಾರಂತ ಮಂದಿ ಬರಾಕತ್ತಾರ."

ವಿಚಿತ್ರವೆಂದರೆ ಮಗ್ಗ ನಿಂತಿದ್ದಷ್ಟು ದಿನ ದಾನು ಸೋತಳು. ಬೀಳಗಿಯಲ್ಲಿ ತನಗಿಂತ ಸಣ್ಣ ಹುಡುಗಿಯ ಎದುರು, ಜಮಖಂಡಿಯಲ್ಲಿ ಆಟದ ನಡುವೆ ಆಕಳಿಸುತ್ತಿದ್ದ ಹುಡುಗನ ಎದುರು. ಮನೆಯಲ್ಲಿ ಹಲಗೆಯ ಮುಂದೆ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಏನಾಗಿದೆ ಎಂದು ಕೇಳಿದ್ದು ಅಕ್ಕ ಒಬ್ಬಳೇ.

"ಬಡಿತ ಇಲ್ಲಂದ್ರ ನನ್ನ ತಲಿ ಚಾಲೂ ಆಗೂದಿಲ್ಲ ಬೇ ಅವ್ವಾ," ಎಂದಳು ಹುಡುಗಿ.

ಅಕ್ಕ ಎದ್ದು ಹೋಗಿ ಮಗ್ಗದ ಬಟನ್ ಒತ್ತಿದಳು. ಮುಂದಿನ ತಿಂಗಳು ದಾನು ಮತ್ತೆ ಗೆಲ್ಲತೊಡಗಿದಳು. ಭಾವ ಏನು ಮಾಡಿದರು ಎನ್ನುತ್ತೀರಿ? ತಪ್ಪೊಪ್ಪಿಕೊಂಡರೆ? ಗದ್ದಲದಲ್ಲಿ ತಯಾರಿ ಮಾಡಿಸುವುದು ತಾವು ಕಂಡುಹಿಡಿದ ಹೊಸ ವಿಧಾನವೆಂದು ಊರಿಗೆಲ್ಲ ಹೇಳಿಕೊಂಡು ಬಂದರು. "ಶಾಂತ ಇದ್ದಲ್ಲಿ ಯಾರು ಬೇಕಾದವ್ರು ವಿಚಾರ ಮಾಡ್ತಾರಪಾ ಮಾಸ್ತರ" ಎಂದು ನನಗೇ ಪಾಠ ಹೇಳಿದರು. ಅಲ್ಲಿಂದ ಸ್ಪರ್ಧೆಗಳ ಅರ್ಜಿಯಲ್ಲಿ 'ತರಬೇತುದಾರರು' ಎಂಬಲ್ಲಿ ತಮ್ಮ ಹೆಸರನ್ನೇ ದಪ್ಪ ಅಕ್ಷರದಲ್ಲಿ ಬರೆಯಲು ಶುರು ಮಾಡಿದರು. ಗಣಿತದ ಟೀಚರ ಹೆಸರು ಬರೆಯಬಹುದಿತ್ತಲ್ಲ ಎಂದರೆ, "ಟೀಚರು ನಡಿ ಕಲಿಸ್ಯಾರ. ಆಟ ಕಲಿಸಿದ್ದು ನನ್ನ ಮಗ್ಗ," ಎಂದರು. ಮಗ್ಗದ ಹೆಸರು ಬರೆಯಲು ಜಾಗ ಸಾಲದ್ದಕ್ಕೆ ಮಾಲಕರ ಹೆಸರು.

ಹೀಗೆ ನಾವು ಮುಧೋಳಕ್ಕೆ ಹೋದೆವು. ಭಾನುವಾರ, ಒಂದು ಸಾಲೆಯ ದೊಡ್ಡ ಕೋಣೆ. ಗೆದ್ದವರು ಬೆಳಗಾವಿಯ ದೊಡ್ಡ ಆಟಕ್ಕೆ ಹೋಗುತ್ತಾರೆ. ದಾನು ಆರು ತಿಂಗಳಿಂದ ಬೆಳಗಾವಿ ಎನ್ನುತ್ತಿದ್ದಳು. ಬೇರೆ ಯಾವುದರ ಬಗ್ಗೆಯೂ ಹಟ ಮಾಡದ ಹುಡುಗಿ ಅದು.

ಮಕ್ಕಳು ಒಳಗೆ, ತಂದೆತಾಯಿಗಳು ಹೊರಗಿನ ವರಾಂಡದಲ್ಲಿ, ನಡುವೆ ಸರಳಿನ ಕಿಟಕಿಗಳು. ಚದುರಂಗದ ಮಕ್ಕಳನ್ನು ನೋಡಬೇಕೆಂದಿಲ್ಲ, ಅವರ ತಂದೆತಾಯಿಗಳನ್ನು ನೋಡಿದರೆ ಸಾಕು. ಒಬ್ಬರು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಒಬ್ಬರು ಹಿಂದಿನ ಸುತ್ತಿನಲ್ಲಿ ಸೋತ ಮಗನಿಗೆ ತಾನು ಅವನ ವಯಸ್ಸಿನಲ್ಲಿ ಏನೇನು ಮಾಡಿದ್ದೆ ಎಂದು ಹೇಳುತ್ತಿದ್ದರು. ಚದುರಂಗ ಆಡಿದ್ದು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಒಂದು ಸಂಗತಿ ನಾನು ಬೆಳಗಿನಿಂದ ನೋಡುತ್ತಲೇ ಇದ್ದೆ. ಗೆದ್ದು ಬಂದ ಮಗುವಿನ ಚೀಲ ಕೂಡಲೇ ಅಪ್ಪನ ಹೆಗಲಿಗೆ ಹೋಗುತ್ತದೆ. ಸೋತು ಬಂದ ಮಗು ತನ್ನ ಚೀಲವನ್ನು ತಾನೇ ಹೊತ್ತುಕೊಂಡು, ಮುಂದೆ ಮುಂದೆ ಹೋಗುವ ಅಪ್ಪನ ಹಿಂದೆ ನಡೆಯುತ್ತದೆ. ಒಂದೂ ತಪ್ಪಲಿಲ್ಲ.

ನಮ್ಮ ಭಾವ ಇವರೆಲ್ಲರಿಗೂ ಬೆಳಗಿನಿಂದ ಉಪದೇಶ ಕೊಡುತ್ತಿದ್ದರು. "ನಡುವಿನ ಮನಿ ಹಿಡೀಬೇಕ್ರಿ. ನಡುವಿನ ಮನಿ ಹಿಡದ್ರಂದ್ರ ಅರ್ಧಾ ಆಟ ಮುಗೀತು." ಯಾವ ಮನೆ ಎಂದು ಯಾರೋ ಕೇಳಿದರು. "ಅದು ಒಂದು ದಿನದಾಗ ಹೇಳೂ ಮಾತಲ್ರಿ," ಎಂದು ಕೈ ಬೀಸಿದರು.

ಕೊನೆಯ ಸುತ್ತು. ದಾನುವಿನ ಎದುರು ಬೀಳಗಿಯ ಒಬ್ಬ ಹುಡುಗ. ಗೆದ್ದವರಿಗೆ ಬೆಳಗಾವಿ. ನಾನು ಮತ್ತು ಭಾವ ಒಂದೇ ಕಿಟಕಿಯಲ್ಲಿ ಮುಖ ಇಟ್ಟು ನಿಂತಿದ್ದೆವು. ಮೇಜಿನ ಕೆಳಗೆ ದಾನುವಿನ ಬಲಗಾಲು ಮಗ್ಗದಂತೆ ಬಡಿಯುತ್ತಿತ್ತು. ಅವಳು ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಕೈ ಆನೆಯ ಮೇಲೆ ಹೋಗಿತ್ತು, ಇನ್ನೂ ಮುಟ್ಟಿರಲಿಲ್ಲ. ಆಗ ಭಾವನ ಕೈ ಬಾಯಿಯ ಹತ್ತಿರ ಹೋಯಿತು. ದಾನುವಿನ ಕೈ ಹಿಂದಕ್ಕೆ ಬಂತು. ಒಂದು ಕ್ಷಣ ಕಾಲು ಬಡಿದು, ಆನೆಯನ್ನು ಬಿಟ್ಟು ಕುದುರೆಯನ್ನು ನಡೆಸಿದಳು. ಎದುರಿನ ಹುಡುಗ ಎರಡೂ ಕೈಗಳಿಂದ ತಲೆ ಹಿಡಿದುಕೊಂಡ.

ಹುಡುಗನ ತಂದೆ ಪಕ್ಕದ ಕಿಟಕಿಯಲ್ಲಿದ್ದರು. ಪಟ್ಟೆ ಅಂಗಿಯ ಗಟ್ಟಿಮುಟ್ಟು ಮನುಷ್ಯ. ಅವರು ಹಲಗೆ ನೋಡುತ್ತಿರಲಿಲ್ಲ, ಭಾವನನ್ನು ನೋಡುತ್ತಿದ್ದರು.

"ಸರ್, ಇಲ್ಲಿ ಬರ್ರಿ. ಇವ್ರು ಕೈಸನ್ನಿ ಮಾಡಿ ಮಗಳಿಗೆ ನಡಿ ಹೇಳಾಕತ್ತಾರ."

ಆಟದ ಗಡಿಯಾರ ನಿಂತಿತು. ತೀರ್ಪುಗಾರರು, ದಪ್ಪ ಕನ್ನಡಕದ ಹಿರಿಯರು, ಹೊರಗೆ ಬಂದರು.

"ಏನ ಹೇಳಿದ್ರಿ ಮಗಳಿಗೆ?"

"ನೀರ ಕುಡಿ ಅಂದ್ನಿರಿ."

"ಅಕಿ ನೀರ ಕುಡೀಲಿಲ್ಲಲ್ಲ?"

"ನನ್ನ ಮಾತ ಯಾವಾಗ ಕೇಳ್ಯಾಳ್ರಿ ಅಕಿ."

ತೀರ್ಪುಗಾರರು ಒಳಗೆ ಹೋಗಿ ದಾನುವನ್ನೂ ಕರೆತಂದರು. "ನಿಮ್ಮಪ್ಪ ಏನಂದಾರವಾ?"

ಹುಡುಗಿಗೆ ಸುಳ್ಳು ಬರುವುದಿಲ್ಲ. "ಎಳಿ ಹರದೈತಿ, ನಿಲ್ಲಸು ಅಂದ್ರು," ಎಂದಳು.

ಪಟ್ಟೆ ಅಂಗಿಯವರು ವರಾಂಡಕ್ಕೆಲ್ಲ ಕೇಳುವಂತೆ ನಕ್ಕರು. "ಅಪ್ಪಂದು ಒಂದು, ಮಗಳದು ಒಂದು. ಕೇಳ್ರಿ ಸರ್."

ತೀರ್ಪುಗಾರರು ಅರ್ಜಿಗಳ ಕಟ್ಟು ತರಿಸಿದರು. ತರಬೇತುದಾರರು ಎಂಬಲ್ಲಿ ಭಾವನ ಹೆಸರು ದಪ್ಪ ಅಕ್ಷರದಲ್ಲಿ ಕೂತಿತ್ತು. ಅದನ್ನು ಭಾವನ ಮುಂದೆ ಹಿಡಿದು ಮೆಲ್ಲಗೆ ಹೇಳಿದರು: "ನೀವು ಆಟ ಕಲಿಸಿದವ್ರು, ನೀವ ಸನ್ನಿ ಮಾಡೀರಿ. ಮಗಳ ಇವತ್ತಿನ ಆಟ ಎಲ್ಲಾ ರದ್ದ ಮಾಡಬೇಕಾಗ್ತೈತಿ. ಈ ವರ್ಷ ಮತ್ತ ಎಲ್ಲಿಯೂ ಆಡಾಕ ಬಿಡಂಗಿಲ್ಲ. ಏನಂತೀರಿ?"

ದಾನು ತನ್ನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಭಾವ ಈಗ ಜಗಳ ತೆಗೆಯುತ್ತಾರೆ, ಗದ್ದಲದ ವಿಧಾನದ ಬಗ್ಗೆ ಭಾಷಣ ಮಾಡುತ್ತಾರೆ, ನಾವು ಮೂವರೂ ಪೊಲೀಸ್ ಠಾಣೆ ನೋಡುತ್ತೇವೆ ಎಂದು ನಾನು ಸಿದ್ಧನಾದೆ.

"ಅದು ಸುಳ್ಳ ಬರದೇನ್ರಿ," ಎಂದರು ಭಾವ. "ನನಗ ಆಟ ಬರೂದಿಲ್ಲ."

"ಮುಂಜಾನಿಂದ ನಮಗೆಲ್ಲಾ ನಡುವಿನ ಮನಿ ಹಿಡೀರಿ ಅಂತ ಹೇಳಿದ್ರಲ್ಲ?" ಎಂದರು ಪಟ್ಟೆ ಅಂಗಿ.

"ಮೊಬೈಲಿನ್ಯಾಗ ಕೇಳಿದ್ದು. ಯಾವ ಮನಿ ಅಂತ ನನಗೂ ಗೊತ್ತಿಲ್ರಿ."

ಜಪ ಮಾಡುತ್ತಿದ್ದವರು ಕಣ್ಣು ತೆರೆದರು. ತೀರ್ಪುಗಾರರಿಗೆ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಎರಡು ವರ್ಷ ಕಟ್ಟಿದ ಖ್ಯಾತಿ ಅದು, ಒಂದು ಮಾತಿಗೆ ಬೀಳುತ್ತದೆಯೇ. ವರಾಂಡದ ಬೆಂಚಿನ ಮೇಲೆ ಒಂದು ಹಲಗೆ ಇರಿಸಿ, "ಕುಂದರ್ರಿ. ನನ್ನ ಜೋಡಿ ಆಡ್ರಿ, ನೋಡೂಣು," ಎಂದರು.

ಆಮೇಲೆ ನಡೆದದ್ದನ್ನು ಮುಧೋಳದವರು ಬಹಳ ದಿನ ಮರೆಯಲಿಲ್ಲವಂತೆ. ಭಾವ ಮೊದಲಿಗೆ ಆನೆಯನ್ನು ಎತ್ತಿ ಮುಂದಿನ ಪ್ಯಾದೆಯ ತಲೆಯ ಮೇಲಿಂದ ದಾಟಿಸಿದರು. "ಆನಿ ಹಾರಂಗಿಲ್ರಿ," ಎಂದರು ತೀರ್ಪುಗಾರರು. "ಅದಕ್ಕೇನ ಕಾಲ ನೋವ ಐತೇನ್ರಿ?" ಎಂದರು ಭಾವ. ಕುದುರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೇರ ಓಡಿಸಿದರು. ತಪ್ಪು ಎಂದದ್ದಕ್ಕೆ, "ನಿಮ್ಮ ಮುಧೋಳದಾಗ ನಾಯಿನ ಹಿಂಗ ಓಡ್ತಾವ, ಕುದರಿ ಓಡಬಾರದ?" ಎಂದು ಕೇಳಿದರು. ವರಾಂಡ ಬಿದ್ದು ಬಿದ್ದು ನಕ್ಕಿತು. ಒಂಟೆಯನ್ನು ಪಕ್ಕಕ್ಕೆ ತಳ್ಳಿದರು. ಪ್ಯಾದೆಯನ್ನು ಹಿಂದಕ್ಕೆ ಕರೆದರು, ಅದಕ್ಕೆ ಮನೆಯಿಂದ ಫೋನು ಬಂದಿದೆ ಎಂದರು. ಕೊನೆಗೆ ತಮ್ಮ ರಾಜನನ್ನೇ ಎತ್ತಿ ತೀರ್ಪುಗಾರರ ಅಂಗೈಯಲ್ಲಿಟ್ಟು, "ಮಾಸ್ತರ, ನನ್ನದೊಂದು ಫೋಟೋ ತಗೀ," ಎಂದರು. ನಾನು ಮೊಬೈಲು ತೆಗೆಯಲಿಲ್ಲ. ಬೇರೆ ಏಳೆಂಟು ಜನ ತೆಗೆದರು. ಪಟ್ಟೆ ಅಂಗಿಯವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಸತ್ಯ ಹೇಳಬೇಕೆಂದರೆ ನಾನೂ ನಕ್ಕೆ. ಎರಡು ವರ್ಷದ ಸೇಡಿತ್ತು.

ನಗದೆ ನಿಂತವಳು ದಾನು ಒಬ್ಬಳೇ. ಅವಳು ಅಪ್ಪನ ಮುಖ ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿದ್ದಳು.

"ಇವರಿಂದ ಕಲ್ತ್ರ ಯಾರೂ ಗೆಲ್ಲಾಕ ಸಾಧ್ಯ ಇಲ್ಲ," ಎಂದು ತೀರ್ಪುಗಾರರು ಎದ್ದರು. "ಹುಡುಗಿ ಆಡ್ಲಿ. ಇವ್ರು ಮಾತ್ರ ಗೇಟಿನ ಹೊರಗ ನಿಂದರ್ಲಿ."

ಭಾವ ಗೇಟಿನ ಹೊರಗೆ ಹೋದರು. ಅಲ್ಲಿಂದ ಕಿಟಕಿ ಕಾಣುವುದಿಲ್ಲ. ಗಡಿಯಾರ ಮತ್ತೆ ಶುರುವಾಯಿತು. ನಾನು ಕಿಟಕಿಯಿಂದ ಮೇಜಿನ ಕೆಳಗೆ ನೋಡಿದೆ. ದಾನುವಿನ ಕಾಲು ಬಡಿಯುತ್ತಿರಲಿಲ್ಲ. ಹತ್ತು ನಡೆಗಳಾದವು, ಹನ್ನೆರಡಾದವು, ಆ ಕಾಲು ಅಲ್ಲಾಡಲಿಲ್ಲ. ಗೆಲ್ಲುತ್ತಿದ್ದ ಆಟವನ್ನು ಅವಳು ಸೋತಳು. ಹುಡುಗನ ಕೈ ಕುಲುಕಿ, ಕಾಯಿಗಳನ್ನೆಲ್ಲ ಅವುಗಳ ಜಾಗದಲ್ಲಿ ಮತ್ತೆ ಜೋಡಿಸಿಟ್ಟು ಎದ್ದುಬಂದಳು.

ಗೇಟಿನ ಹತ್ತಿರ ಭಾವ ಅವಳ ಮುಖ ನೋಡಿದರು. ಅವಳ ಹೆಗಲಿನಿಂದ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಯಾರೋ ಚೀಲ ನೋಡಿ, "ಗೆದ್ಲೇನ್ರಿ ಮಗಳು?" ಎಂದು ವಿಚಾರಿಸಿದರು.

"ಇನ್ನೂ ಗೆದ್ದಿಲ್ರಿ," ಎಂದರು ಭಾವ.

ಆ ಮಾತಿಗೆ ನಾನು ಎರಡು ವರ್ಷ ನಕ್ಕಿದ್ದೆ. ಅವತ್ತು ಆಗಲಿಲ್ಲ.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ನನ್ನನ್ನು ಕಿಟಕಿಯ ಕಡೆಗೆ ತಳ್ಳಿದ್ದರು. ಬಸ್ಸಿನ ಸದ್ದೂ ಮಗ್ಗದ ಸದ್ದಿಗೇನು ಕಡಿಮೆಯಿಲ್ಲ. ಒಂದು ಕಡೆ ಭಾವನ ಕೈ ಏನೋ ಅಂದಿತು, ದಾನುವಿನ ಕೈ ಏನೋ ಉತ್ತರ ಕೊಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ಬಲಗಾಲು ಮೆಲ್ಲಗೆ ಬಡಿಯತೊಡಗಿತು.

ಇಷ್ಟಕ್ಕೇ ನಿಲ್ಲಿಸಿದರೆ ಚೆಂದವಾಗಿರುತ್ತಿತ್ತು. ಆದರೆ ಆ ಕುದುರೆ ಇದೆಯಲ್ಲ, ಮೊದಲು ಹೇಳಿದ್ದು, ಮಗ್ಗದ ಮನೆಯಲ್ಲಿ ಭಾವನ ಕೈಯಲ್ಲಿದ್ದದ್ದು. ಅದನ್ನು ನಾನು ನೋಡಿದ್ದು ಮುಧೋಳಕ್ಕೆ ಮೊದಲೋ, ಆಮೇಲೋ? ಮೊದಲೇ ಆಗಿದ್ದರೆ ಅವರಿಗೆ ಆಟ ಬರುತ್ತಿತ್ತು. ಹಾಗಾದರೆ ಕಿಟಕಿಯಲ್ಲಿ ಸನ್ನೆ ಮಾಡಿದ್ದು ಮೋಸ, ಪಟ್ಟೆ ಅಂಗಿಯವರು ಹೇಳಿದ್ದು ಸರಿ, ಬೆಂಚಿನ ಮೇಲೆ ಆಡಿದ್ದು ಇನ್ನೊಂದು ಮೋಸ. ಆಮೇಲಾಗಿದ್ದರೆ, ಐವತ್ತು ದಾಟಿದ ಮನುಷ್ಯ ಅಷ್ಟು ನಗಿಸಿಕೊಂಡು ಬಂದು, ಯಾರಿಗೂ ಹೇಳದೆ, ಮಗಳು ಸಾಲೆಯಲ್ಲಿದ್ದ ಹೊತ್ತಿನಲ್ಲಿ ಒಬ್ಬರೇ ಕೂತು ಕಲಿಯುತ್ತಿದ್ದರು.

ಆ ಕುದುರೆ ಕಂಡ ದಿನ ಮಗ್ಗದ ಮೇಲೆ ಹಸಿರು ಸೀರೆ ಇದ್ದದ್ದು ನೆನಪಿದೆ. ಹಸಿರು ಯಾವಾಗ ನೇಯ್ದಿದ್ದಿರಿ ಎಂದು ಅಕ್ಕನನ್ನು ಕೇಳಿದೆ. "ಮುಧೋಳಕ್ಕ ಹೋಗೂ ಮುಂದೂ ಹಸರ, ಬಂದ ಮ್ಯಾಲೂ ಹಸರ," ಎಂದಳು. "ಅವ್ರು ಆ ಕಾಯಿ ಎಂದೂ ಮುಟ್ಟಿಲ್ಲ. ನಿನಗ ಮೊದಲಿಂದ ಇಲ್ಲದ್ದು ಕಾಣೂ ಚಟ ಐತಿ." ಓಟದ ಪಂದ್ಯದ ಡಬ್ಬಿಯಿಂದ ಅವಲಕ್ಕಿ ತೆಗೆಯುತ್ತ ಹೇಳಿದ್ದರಿಂದ ನಾನು ವಾದ ಮಾಡಲಿಲ್ಲ.

ಇನ್ನೊಂದು ಲೆಕ್ಕ ನನ್ನನ್ನು ಕಾಡುತ್ತದೆ. ಬೆಂಚಿನ ಮೇಲೆ ಭಾವ ಇಪ್ಪತ್ತು ನಡೆ ಆಡಿರಬೇಕು. ಒಂದೂ ಸರಿಯಿರಲಿಲ್ಲ. ಏನೂ ಬಾರದವನು ಕಣ್ಣು ಮುಚ್ಚಿ ಆಡಿದರೂ ಒಂದೆರಡು ನಡೆಗಳು ಅವನಿಗೆ ತಿಳಿಯದೆಯೇ ಸರಿಯಾಗುತ್ತವೆ. ಅಷ್ಟೊಂದು ತಪ್ಪನ್ನು ಒಂದೂ ತಪ್ಪದೆ ಆಡಲು ಎಷ್ಟು ಗೊತ್ತಿರಬೇಕು? ದಾನು ಹಲಗೆಯಲ್ಲಿ ಅದನ್ನೇ ನೋಡುತ್ತಿದ್ದಳೇ? ಅಥವಾ ಇಪ್ಪತ್ತರಲ್ಲಿ ನಾಲ್ಕಾರು ಸರಿಯಿದ್ದವು, ನಗುವಿನಲ್ಲಿ ನಾನು ನೋಡಲಿಲ್ಲವೇ?

ಒಂದು ದಿನ ಧೈರ್ಯ ಮಾಡಿ, ಮಗ್ಗದ ಮನೆಗೇ ಹೋಗಿ, ಭಾವನ ಕಿವಿಯಲ್ಲಿ ಕೂಗಿ ಕೇಳಿದೆ: "ಮಾಮಾ, ಖರೆ ಹೇಳ್ರಿ, ನಿಮಗ ಆಟ ಬರ್ತಿತ್ತೇನ?" ಅವರು ಮಗ್ಗದಿಂದ ಕಣ್ಣೆತ್ತದೆ ಕೈಯನ್ನು ಬಾಯಿಯ ಹತ್ತಿರ ತಂದರು. ಪಕ್ಕದಲ್ಲಿ ಪೆಟ್ಟಿಗೆಯ ಮುಂದೆ ಕೂತಿದ್ದ ದಾನುವಿನ ಕಡೆ ನೋಡಿದೆ. ಅವಳು ನನ್ನನ್ನು ಹೊರಗೆ ಕರೆದೊಯ್ದು, "ನೀರ ಕುಡಿ ಅಂದ್ರು ಮಾಮಾ," ಎಂದಳು. ಕುಡಿದೆ.

ಮೊನ್ನೆ ಜಮಖಂಡಿಯಲ್ಲಿ ಇನ್ನೊಂದು ಸ್ಪರ್ಧೆ ಬಂತು. ಈ ಸಲ ಅರ್ಜಿಯನ್ನು ದಾನು ತಾನೇ ತುಂಬಿ, ತಲುಪಿಸಲು ನನ್ನ ಕೈಗೆ ಕೊಟ್ಟಳು. ತರಬೇತುದಾರರು ಎಂಬಲ್ಲಿ ಅಪ್ಪನ ಹೆಸರು ಇತ್ತು. ದುಂಡಗೆ, ಸಣ್ಣ ಅಕ್ಷರದಲ್ಲಿ.

"ಸುಳ್ಳ ಬರೀಬಾರದವಾ," ಎಂದೆ.

"ಸುಳ್ಳ ಅಂತ ನಿನಗ ಯಾರ ಹೇಳ್ಯಾರ ಮಾಮಾ?" ಎಂದಳು.

ಅರ್ಜಿ ಕೊಟ್ಟು ಬಂದೆ. ಭಾವ ಕಿಟಕಿಯಲ್ಲಿ ಏನು ಹೇಳಿದರು, ಅವರಿಗೆ ಆಟ ಬರುತ್ತಿತ್ತೋ ಇಲ್ಲವೋ, ನಾನು ಆ ಕುದುರೆಯನ್ನು ನೋಡಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.